ಎರೆಮಣ್ಣಿನ ಕುರಿ, ಉಬ್ಬಿದ ಪೊಟ್ಟಣ

ಬಳ್ಳಾರಿಯ ಹೋಟೆಲುಗಳಿಗೆ ಕುರಿಮಾಂಸವನ್ನು ವ್ಯಾಕ್ಯೂಮ್ ಪ್ಯಾಕ್ ಮಾಡಿ ಕೊಡುವ ಉದ್ಯೋಗ ನನ್ನದು. ಫ್ರೀಜರಿನಲ್ಲಿ ಕಲ್ಲಾಗಿಸದೆ ಶೂನ್ಯಕ್ಕೆ ಹತ್ತಿರದ ತಂಪಿನಲ್ಲಿಟ್ಟರೆ ಮಾಂಸ ಮೃದುವಾಗಿ ಉಳಿಯುತ್ತದೆ. ಒಂದು ಮಳೆಗಾಲದಲ್ಲಿ, ಮದುವೆಗಳ ಬೇಡಿಕೆಗೆಂದು ವಾರಗಟ್ಟಲೆ ಇಟ್ಟಿದ್ದ ಪೊಟ್ಟಣಗಳು ಗಾಳಿ ತುಂಬಿದಂತೆ ಉಬ್ಬಿಕೊಂಡವು. ಕೋಲ್ಡ್ ರೂಮಿನ ದಾಖಲೆಯಲ್ಲಿ ತಾಪಮಾನ 1 ಡಿಗ್ರಿ ದಾಟಿರಲಿಲ್ಲ, ಕವರುಗಳ ಬೆಸುಗೆಯೂ ಗಟ್ಟಿಯಾಗಿತ್ತು.

ಸಾಮಾನ್ಯವಾಗಿ ಕೆಡುವ ಮಾಂಸ ಹೀಗೆ ಉಬ್ಬುವುದಿಲ್ಲ. ಗಾಳಿ ತಾಗುವ ಮಾಂಸವನ್ನು ತಂಪಿನಲ್ಲಿ ಕೆಡಿಸುವ ಬ್ಯಾಕ್ಟೀರಿಯಾ ಸ್ಯೂಡೊಮೊನಾಸ್‌ಗೆ ಆಮ್ಲಜನಕ ಬೇಕು, ನಿರ್ವಾತದಲ್ಲಿ ಅದು ಸೊರಗುತ್ತದೆ. ಆ ಜಾಗವನ್ನು ಹಿಡಿಯುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ನಿಧಾನವಾಗಿ ಹುಳಿ ವಾಸನೆ ತರುತ್ತವೆ. ಪೊಟ್ಟಣ ಬಿರಿಯುವಷ್ಟು ಅನಿಲ ತುಂಬುವುದಕ್ಕೆ ಹೆಸರಾದದ್ದು ಕ್ಲಾಸ್ಟ್ರಿಡಿಯಂ ಎಸ್ಟರ್ಥೆಟಿಕಂ ಎಂಬ ಬ್ಯಾಕ್ಟೀರಿಯಾ. 1992ರಲ್ಲಿ ವಿವರಿಸಲ್ಪಟ್ಟ ಈ ಜೀವಿಗೆ ಆಮ್ಲಜನಕವೇ ವಿಷ. ಸೊನ್ನೆಗಿಂತ ಕೆಳಗೆ, ಮಾಂಸ ಇನ್ನೂ ಹೆಪ್ಪುಗಟ್ಟದ ತಂಪಿನಲ್ಲೂ ಬೆಳೆದು ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಬಿಡುತ್ತದೆ. ನಾವು ಮಾಂಸದ ರಕ್ಷಣೆಗೆಂದು ಕಟ್ಟಿದ ಮನೆ ಅದಕ್ಕೇ ಹೇಳಿ ಮಾಡಿಸಿದಂತಿದೆ.

ಪ್ರಯೋಗಾಲಯಕ್ಕೆ ಕಳಿಸಿದ ಮಾದರಿಯ ವರದಿಯಲ್ಲಿ ಆಕ್ಷೇಪಿಸುವಂಥದ್ದು ಏನೂ ಇರಲಿಲ್ಲ. 37 ಡಿಗ್ರಿಯಲ್ಲಿ, ಗಾಳಿಯಾಡುವ ತಟ್ಟೆಯಲ್ಲಿ ಬೆಳೆಸಿ ನೋಡುವ ಪರೀಕ್ಷೆ ಅದು. ಆ ಬಿಸಿಯಲ್ಲಿ ಈ ಜೀವಿ ಬೆಳೆಯುವುದೇ ಇಲ್ಲ. ಮಾದರಿ ಕೊಡುವವರು ಎಷ್ಟು ಡಿಗ್ರಿಯಲ್ಲಿ, ಗಾಳಿ ಇಟ್ಟೋ ತೆಗೆದೋ ಬೆಳೆಸುತ್ತೀರಿ ಎಂದು ಮೊದಲೇ ಕೇಳಲೇಬೇಕು.

ಹಾಗಾದರೆ ಅದು ಒಳಬಂದದ್ದು ಎಲ್ಲಿಂದ? ಕ್ಲಾಸ್ಟ್ರಿಡಿಯಂ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ರಿಸುವ ಅದರ ರೂಪ, ಮಣ್ಣಿನಲ್ಲಿ, ಸಗಣಿ ಹಿಕ್ಕೆಯಲ್ಲಿ ಇರುತ್ತವೆ. ನಮ್ಮ ಸೀಮೆಯ ಎರೆಮಣ್ಣು ಮಳೆ ಬಿದ್ದರೆ ಅಂಟು. ಹೊಲದಲ್ಲಿ ತಂಗಿದ ಬಳ್ಳಾರಿ ಕುರಿಯ ಒರಟು ಉಣ್ಣೆಗೆ ಹೊಟ್ಟೆ, ತೊಡೆಗಳ ತುಂಬ ಮೆತ್ತಿಕೊಂಡಿರುತ್ತದೆ. ಚರ್ಮ ಸುಲಿಯುವಾಗ ಉಣ್ಣೆ ಮುಟ್ಟಿದ ಕೈ, ಅದೇ ಚೂರಿ, ಬೆತ್ತಲೆ ಮಾಂಸಕ್ಕೆ ತಾಗಿದರೆ ಸಾಕು. ಉಬ್ಬಿದವುಗಳಲ್ಲಿ ಹೆಚ್ಚಿನವು ತೊಡೆಯ ಪೊಟ್ಟಣಗಳೇ ಆಗಿದ್ದುದು ನನ್ನ ಗಮನವನ್ನು ಅತ್ತ ಎಳೆಯಿತು.

ಅಲ್ಲಿಂದ ನಾನು ಕೋಲ್ಡ್ ರೂಮನ್ನು ಬಿಟ್ಟು ಸುಲಿಯುವ ಜಾಗದಲ್ಲಿ ನಿಂತೆ. ಕೆಸರು ಮೆತ್ತಿದ ಕುರಿಗಳನ್ನು ಒಣ ನೆಲದಲ್ಲಿ ಬೇರೆಯಾಗಿ ಕೂಡಿ, ಉಣ್ಣೆ ಒಣಗಿದ ಮೇಲೆಯೇ ಸರದಿಗೆ ತಂದೆವು. ಚರ್ಮಕ್ಕೆ ಮೊದಲ ಗೀರು ಹಾಕಲು ಒಂದು ಚೂರಿ, ಒಳಗಿನ ಕೆಲಸಕ್ಕೆ ಇನ್ನೊಂದು. ಚರ್ಮ ಹಿಡಿದು ಎಳೆಯುವ ಕೈ ಮಾಂಸದ ಮೇಲೆ ಊರಬಾರದು. ಇದನ್ನು ರೂಢಿಗೆ ತರುವುದೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ವೇಗದ ಕೆಲಸಗಾರನಿಗೆ ಎರಡು ಕೈ ಒಂದೇ ಆಗಿಬಿಟ್ಟಿರುತ್ತವೆ. ನಮ್ಮ ಹಿರಿಯ ಕೆಲಸಗಾರರು ಮೊದಲು ಒಪ್ಪಲಿಲ್ಲ. “ಅಣ್ಣ, ತಂಪು ಇದ್ದರೆ ಸಾಕಲ್ಲವೇ?” ಎಂದರು. ಉಬ್ಬಿದ ಪೊಟ್ಟಣವನ್ನೇ ಕೈಗೆ ಕೊಟ್ಟೆ. ಆಮೇಲೆ ಹೊಸಬರನ್ನು ತಿದ್ದುವವರು ಅವರೇ ಆದರು.

ಕವರನ್ನು ಬಿಸಿನೀರಿನಲ್ಲಿ ಅದ್ದಿ ಮಾಂಸಕ್ಕೆ ಬಿಗಿಯಾಗಿಸುವ ಕ್ರಮವನ್ನೂ ಬಿಟ್ಟೆವು. ಅಷ್ಟು ಹೊತ್ತಿನ ಬಿಸಿ ಬೀಜಕವನ್ನು ಕೊಲ್ಲುವುದಿಲ್ಲ, ಬದಲಿಗೆ ಮೊಳೆಯಲು ಎಬ್ಬಿಸಬಲ್ಲದು. ಕವರು ಸ್ವಲ್ಪ ಸುಕ್ಕಾಗಿ ಕಂಡರೂ ನನಗೆ ಅಡ್ಡಿಯಿಲ್ಲ.

ಉಬ್ಬಿದ ಪೊಟ್ಟಣವನ್ನು ವಾಸನೆ ನೋಡಲೆಂದು ಪ್ಯಾಕಿಂಗ್ ಕೋಣೆಯಲ್ಲಿ ಯಾರೂ ಒಡೆಯಕೂಡದು. ಒಳಗಿನ ರಸ ಸಿಡಿದರೆ ಬೀಜಕಗಳು ಮೇಜು, ಚೂರಿ, ನೆಲವನ್ನೆಲ್ಲ ಹಿಡಿಯುತ್ತವೆ, ಮಾಮೂಲಿ ಸಾಬೂನಿಗೆ ಜಗ್ಗುವುದಿಲ್ಲ. ನಾವು ಅದನ್ನು ಮತ್ತೊಂದು ಚೀಲದಲ್ಲಿ ಕಟ್ಟಿ ಹೊರಗೆ ಸಾಗಿಸುತ್ತೇವೆ. ಮೇಜುಗಳನ್ನು ತೊಳೆದ ಮೇಲೆ ಬೀಜಕನಾಶಕವಾದ ಪೆರಾಸಿಟಿಕ್ ಆಮ್ಲದ ದ್ರಾವಣವನ್ನು ತಯಾರಕರು ಹೇಳಿದ ಪ್ರಮಾಣ ಮತ್ತು ಅವಧಿಯಷ್ಟು ಬಿಡುತ್ತೇವೆ, ಕೈಗವಸು ಕಡ್ಡಾಯ.

ಗ್ರಾಹಕರಿಗೂ ಎರಡು ಮಾತು ಬರೆದು ಅಂಟಿಸುತ್ತೇನೆ. ಪೊಟ್ಟಣದೊಳಗೆ ಮಾಂಸ ನೇರಳೆಯಾಗಿ ಕಂಡರೆ ಗಾಬರಿ ಬೇಡ, ಬಿಚ್ಚಿಟ್ಟರೆ ಗಾಳಿ ತಾಗಿ ಕೆಂಪಾಗುತ್ತದೆ. ಉಬ್ಬಿದ್ದರೆ ಮಾತ್ರ ಬೇಯಿಸಿ ನೋಡುವ ಯೋಚನೆಯೂ ಬೇಡ, ಬಿಚ್ಚದೆ ಹಿಂತಿರುಗಿಸಿ, ಹಣ ವಾಪಸು ಕೊಡುತ್ತೇನೆ.