ಫಾರ್ಮ್ಯಾಟ್ ಆಮೇಲೆ, ಮೊದಲು ಡಿಸ್ಕ್ ನೋಡಿ

ಇವತ್ತು ಒಂದು ನಿಮಿಷಕ್ಕೆ ಆನ್ ಆದ ಲ್ಯಾಪ್‌ಟಾಪ್ ನಾಳೆ ಎಂಟು ನಿಮಿಷ ಸತಾಯಿಸುತ್ತದೆ. ನಾಡಿದ್ದು ಕಂಪನಿಯ ಲೋಗೊ ತೋರಿಸಿ ಅಲ್ಲೇ ನಿಂತುಬಿಡುತ್ತದೆ. ಬಳ್ಳಾರಿಯಿಂದ ಲಿಂಗಸುಗೂರಿನವರೆಗೆ ಇದಕ್ಕೆ ಸಿಗುವ ಮದ್ದು ಒಂದೇ: ‘ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಹೊಡೆದುಬಿಡೋಣ’. ಹೊಡೆದ ಮೇಲೆ ಹದಿನೈದು ದಿನ ಚೆನ್ನಾಗಿರುತ್ತದೆ, ಮತ್ತೆ ಅದೇ ಗೋಳು. ಅಷ್ಟರಲ್ಲಿ ಮದುವೆ ಫೋಟೊಗಳು, ಅಂಗಡಿಯ ಟ್ಯಾಲಿ ಲೆಕ್ಕ ಹೋಗಿರುತ್ತವೆ.

ದಿನಾ ಒಂದೇ ಸಮ ನಿಧಾನವಿದ್ದರೆ ಸಾಫ್ಟ್‌ವೇರ್ ಕಾರಣ ಇರಬಹುದು. ಒಮ್ಮೆ ಹೀಗೆ, ಒಮ್ಮೆ ಹಾಗೆ ಆಡುತ್ತಿದ್ದರೆ ಅನುಮಾನ ಹಾರ್ಡ್‌ವೇರ್ ಮೇಲೆ ಹೋಗಬೇಕು: ಡಿಸ್ಕ್, ರ‍್ಯಾಮ್, ಬಿಸಿ, ಅಡಾಪ್ಟರ್. ಹುಡುಕಬೇಕಾದ್ದೂ ಇದೇ ಕ್ರಮದಲ್ಲಿ.

ಎಲ್ಲಿ ನಿಲ್ಲುತ್ತದೆ?

ಪೆನ್‌ಡ್ರೈವ್, ಪ್ರಿಂಟರ್, ಡಾಂಗಲ್, ಮೆಮೊರಿ ಕಾರ್ಡ್ ಎಲ್ಲ ತೆಗೆದುಬಿಡಿ. ಎಷ್ಟೋ ಲ್ಯಾಪ್‌ಟಾಪ್‌ಗಳು ಸಿಕ್ಕಿಸಿಟ್ಟ ಪೆನ್‌ಡ್ರೈವ್‌ನಿಂದಲೇ ಬೂಟ್ ಆಗಲು, ಅಂದರೆ ಶುರುವಾಗಲು, ಹೋಗಿ ಒದ್ದಾಡುತ್ತಿರುತ್ತವೆ. ಆಮೇಲೆ ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಮೂರು ಸಮಯ ಬರೆದಿಡಿ: ಪವರ್ ಬಟನ್‌ನಿಂದ ಲೋಗೊವರೆಗೆ, ಲೋಗೊದಿಂದ ಪಾಸ್‌ವರ್ಡ್ ಪರದೆಯವರೆಗೆ, ಪಾಸ್‌ವರ್ಡ್ ಹಾಕಿದಾಗಿನಿಂದ ಮೌಸ್ ಸಲೀಸಾಗಿ ಓಡುವವರೆಗೆ.

ಲೋಗೊ ಬರುವುದೇ ತಡವಾದರೆ, ಅಥವಾ ಪರದೆ ಕಪ್ಪಾಗಿದ್ದು ಮೂರನೇ ಸಲ ಒತ್ತಿದಾಗ ಆನ್ ಆದರೆ, ರ‍್ಯಾಮ್ ನೋಡಿ. ಲೋಗೊ ಬಂದು ಚುಕ್ಕೆಗಳು ಸುತ್ತುತ್ತಲೇ ಇದ್ದರೆ ಡಿಸ್ಕ್. ಪಾಸ್‌ವರ್ಡ್ ಆದ ಮೇಲಷ್ಟೇ ತಡವಾದರೆ ಡಿಸ್ಕ್ ಇಲ್ಲವೇ ತಾನಾಗಿ ಶುರುವಾಗುವ ಆ್ಯಪ್‌ಗಳು. ಟಾಸ್ಕ್ ಮ್ಯಾನೇಜರ್ (ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ) ಎಂಬುದರ ಸ್ಟಾರ್ಟ್‌ಅಪ್ ಪುಟದ ಮೇಲ್ತುದಿಯಲ್ಲಿ ‘ಲಾಸ್ಟ್ ಬಯೋಸ್ ಟೈಮ್’ ಎಂದು ಸೆಕೆಂಡುಗಳಿದ್ದರೆ ಅದನ್ನೂ ಬರೆದುಕೊಳ್ಳಿ (ಬಯೋಸ್ ಎಂದರೆ ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ). ಅದು 30 ಸೆಕೆಂಡ್ ದಾಟಿದ್ದರೆ ವಿಂಡೋಸ್‌ಗೆ ಬೈದು ಪ್ರಯೋಜನವಿಲ್ಲ, ತಡ ಆಗುತ್ತಿರುವುದು ವಿಂಡೋಸ್‌ಗಿಂತ ಮೊದಲು.

ಇನ್ನೊಂದು ಗುರುತು. ರೀಸ್ಟಾರ್ಟ್ ಕೊಟ್ಟರೆ ಸರಿಯಾಗಿ ಬಂದು, ಶಟ್‌ಡೌನ್ ಮಾಡಿ ಆನ್ ಮಾಡಿದಾಗ ಮಾತ್ರ ತಕರಾರು ಮಾಡುತ್ತಿದ್ದರೆ ಅದು ‘ಫಾಸ್ಟ್ ಸ್ಟಾರ್ಟ್‌ಅಪ್’ನ ಕಿತಾಪತಿ. ಈ ಸೌಲಭ್ಯ ಆನ್ ಇದ್ದಾಗ ಶಟ್‌ಡೌನ್ ಎಂದರೆ ಪೂರ್ತಿ ಶಟ್‌ಡೌನ್ ಅಲ್ಲ. ವಿಂಡೋಸ್‌ನ ಒಳಭಾಗ ಡಿಸ್ಕಿನಲ್ಲಿ ಹಾಗೇ ಉಳಿದು, ಹಳೆಯ ಡ್ರೈವರ್ ದೋಷಗಳೂ ಅದರ ಜೊತೆ ಮರುದಿನ ಎದ್ದು ಬರುತ್ತವೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಪವರ್ ಬಟನ್ ಏನು ಮಾಡಬೇಕು’ ಎಂಬಲ್ಲಿಗೆ ಹೋಗಿ ಅದರ ಟಿಕ್ ತೆಗೆಯಿರಿ. ಎಸ್‌ಎಸ್‌ಡಿ (ಸುತ್ತುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಡೇಟಾ ಇಡುವ ವೇಗದ ಡಿಸ್ಕ್) ಇದ್ದವರಿಗೆ ಇದರಿಂದ ಆಗುವ ನಷ್ಟ ಕೆಲವೇ ಸೆಕೆಂಡು.

ಡಿಸ್ಕ್: ಎಲ್ಲರೂ ಎಡವುವ ಜಾಗ

ಲ್ಯಾಪ್‌ಟಾಪ್ ಆನ್ ಆದ ಐದು ನಿಮಿಷದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. 100 ಪರ್ಸೆಂಟ್ ಎಂದು ತೋರಿಸಿದ ಕೂಡಲೇ ಡಿಸ್ಕ್ ಸತ್ತಿದೆ ಅಂದುಕೊಳ್ಳಬೇಡಿ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಅದು ಮಾಮೂಲು. ನೋಡಬೇಕಾದ್ದು ‘ಆ್ಯವರೇಜ್ ರೆಸ್ಪಾನ್ಸ್ ಟೈಮ್’. ಹತ್ತಾರು ಮಿಲಿಸೆಕೆಂಡ್ ಇದ್ದರೆ ಚಿಂತೆಯಿಲ್ಲ. ಓದುವ ವೇಗ ಸೊನ್ನೆಯ ಹತ್ತಿರ ಬಿದ್ದು, ಈ ಅಂಕಿ ಸಾವಿರ, ಮೂರು ಸಾವಿರ ಎಂದು ಏರುತ್ತಿದ್ದರೆ ಡಿಸ್ಕ್ ಒಂದೇ ಸೆಕ್ಟರನ್ನು (ಡೇಟಾ ಇಡುವ ಸಣ್ಣ ತುಣುಕು ಜಾಗವನ್ನು) ಮತ್ತೆ ಮತ್ತೆ ಓದಲು ಹೆಣಗುತ್ತಿದೆ ಎಂದರ್ಥ. ಆ ದುರ್ಬಲ ಸೆಕ್ಟರ್ ಯಾವ ದಿನ ಎಷ್ಟು ಸಲದ ಪ್ರಯತ್ನಕ್ಕೆ ಓದಲು ಸಿಗುತ್ತದೆ ಎಂಬುದರ ಮೇಲೆ ಆ ದಿನದ ವೇಗ ನಿಂತಿದೆ. ಫಾರ್ಮ್ಯಾಟ್ ಹದಿನೈದು ದಿನ ಕೆಲಸ ಮಾಡಿದಂತೆ ಕಾಣುವುದೂ ಇದಕ್ಕೇ: ಹೊಸ ವಿಂಡೋಸ್ ಡಿಸ್ಕಿನ ಬೇರೆ ಜಾಗದಲ್ಲಿ ಕೂತಿರುತ್ತದೆ.

ಈಗ ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಎಂಬ, ಡಿಸ್ಕಿನ ಆರೋಗ್ಯ ತೋರಿಸುವ ಉಚಿತ ತಂತ್ರಾಂಶವನ್ನು ಅದರ ಸ್ವಂತ ತಾಣದಿಂದ ಇಳಿಸಿಕೊಳ್ಳಿ. ಮೇಲೆ ಕಾಣುವ ‘ಗುಡ್’, ‘ಕಾಷನ್’ ಬಣ್ಣವನ್ನಷ್ಟೇ ನೋಡಿ ಮುಚ್ಚಬೇಡಿ. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ರಾ ವ್ಯಾಲ್ಯೂಸ್ ಎಂಬುದನ್ನು 10 ಡೆಕ್ ಎಂದು ಬದಲಿಸಿ, ಆಗ ಅಂಕಿಗಳು ಓದುವಂತಾಗುತ್ತವೆ. ಹಾರ್ಡ್‌ಡಿಸ್ಕ್ ಆಗಿದ್ದರೆ ಮೂರು ಸಾಲು ಸಾಕು.

05 ಎಂಬ ಸಾಲು ಕೆಟ್ಟು, ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳ ಲೆಕ್ಕ. ಸಣ್ಣ ಅಂಕಿಯಿದ್ದು ವಾರಗಟ್ಟಲೆ ಅಲ್ಲೇ ನಿಂತಿದ್ದರೆ ಸ್ವಲ್ಪ ದಿನ ತಳ್ಳಬಹುದು, ಏರುತ್ತಿದ್ದರೆ ಆಗದು. ಸಿ5 ಎಂಬುದು ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳದ್ದು. ಇಲ್ಲಿ 1 ಇದ್ದರೂ ಅದೇ ದಿನ ಫೈಲ್‌ಗಳನ್ನು ಬೇರೆ ಕಡೆಗೆ ಕಾಪಿ ಮಾಡಿ. ಸಿ7 ಏರುತ್ತಿದ್ದರೆ ಮಾತ್ರ ಖುಷಿಪಡಿ, ತಪ್ಪು ಬಹುಪಾಲು ಡಿಸ್ಕಿನದ್ದಲ್ಲ, ಅದರ ಕೇಬಲ್ ಅಥವಾ ಕನೆಕ್ಟರ್‌ನದ್ದು. ಆದರೆ ಸಿ7 ಮತ್ತೆ ಸೊನ್ನೆಗೆ ಇಳಿಯುವುದಿಲ್ಲ. ಇಂದಿನ ಅಂಕಿ ಬರೆದಿಟ್ಟು, ಕೇಬಲ್ ತೆಗೆದು ಬಿಗಿಯಾಗಿ ಹಾಕಿ, ವಾರ ಬಿಟ್ಟು ನೋಡಿ. ಇನ್ನು 01ನೇ ಸಾಲಿನಲ್ಲಿ ಕೋಟಿಗಟ್ಟಲೆ ಅಂಕಿ ಕಂಡು ಗಾಬರಿಯಾಗುವವರಿದ್ದಾರೆ. ಕೆಲವು ಕಂಪನಿಗಳ ಡಿಸ್ಕ್‌ಗಳು ಅಲ್ಲಿ ಹಾಗೆಯೇ ತೋರಿಸುತ್ತವೆ, ಬಿಟ್ಟುಬಿಡಿ.

ಸಿ5 ಸೊನ್ನೆಯಲ್ಲ ಎಂದು ಗೊತ್ತಾದ ಮೇಲೆ ಅನೇಕರು ಮಾಡುವ ಕೆಲಸವೇ ಡಿಸ್ಕಿನ ಪ್ರಾಣ ತೆಗೆಯುತ್ತದೆ: ಚೆಕ್‌ಡಿಸ್ಕ್ (ವಿಂಡೋಸ್‌ನದೇ ಡಿಸ್ಕ್ ತಪಾಸಣೆ) ರಿಪೇರಿ ಹಚ್ಚಿ ಊಟಕ್ಕೆ ಹೋಗುವುದು. ಅದು ಇಡೀ ಡಿಸ್ಕನ್ನು ಮೂಲೆ ಮೂಲೆ ಓದಿಸುತ್ತದೆ; ಸಾಯುತ್ತಿರುವ ಡಿಸ್ಕ್ ಆ ಹೊರೆಯಲ್ಲೇ ನಿಂತುಹೋಗಬಹುದು. ಚದುರಿದ ಫೈಲ್‌ಗಳನ್ನು ಒಟ್ಟುಗೂಡಿಸುವ ಡಿಫ್ರ್ಯಾಗ್ ಕೂಡ ಬೇಡ. ಮೊದಲು ಕಾಪಿ, ಅದೂ ಮುಖ್ಯವಾದದ್ದರಿಂದ ಶುರು: ಟ್ಯಾಲಿ ಡೇಟಾ ಫೋಲ್ಡರ್, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ನುಡಿಯಲ್ಲಿ ಟೈಪ್ ಮಾಡಿದ ಕಡತಗಳು, ಆಮೇಲೆ ಫೋಟೊ. ಸಿನಿಮಾಗಳು ಹೋದರೆ ಹೋಗಲಿ. ಒಂದು ಫೈಲಿನಲ್ಲಿ ಸಿಕ್ಕಿಕೊಂಡರೆ ‘ಸ್ಕಿಪ್’ ಕೊಟ್ಟು ಮುಂದೆ ಸಾಗಿ. ಪಕ್ಕದಲ್ಲಿ ಟೇಬಲ್ ಫ್ಯಾನ್ ಇರಲಿ. ಡಿಸ್ಕ್ ಟಕ್, ಟಕ್ ಎನ್ನುತ್ತಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ, ಡೇಟಾ ಬೇಕೇಬೇಕಿದ್ದರೆ ರಿಕವರಿ ಮಾಡುವವರಲ್ಲಿಗೇ ಒಯ್ಯಿರಿ.

ನಂತರ ಎಸ್‌ಎಸ್‌ಡಿ. ಹಾರ್ಡ್‌ಡಿಸ್ಕ್ ಇದ್ದ ಜಾಗಕ್ಕೆ 2.5 ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ಸರಿಹೊಂದುತ್ತದೆ. ಎಂ.2 (ತೆಳು ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ) ಜಾಗವಿದ್ದರೆ ಅದರ ಸಂಪರ್ಕದ ಬಗೆ ಸಾಟಾನೋ ಎನ್‌ವಿಎಂಇನೋ ಎಂದು ಮಾಡೆಲ್ ಸಂಖ್ಯೆ ಹಾಕಿ ಖಾತ್ರಿ ಮಾಡಿಕೊಳ್ಳಿ. ನೋಡಲು ಒಂದೇ ಥರ ಇದ್ದರೂ ಬಹಳಷ್ಟು ಕಡೆ ಒಂದರ ಬದಲು ಒಂದು ನಡೆಯದು. ಹೆಸರೇ ಕೇಳಿರದ ಬ್ರ್ಯಾಂಡಿನ, ಅರ್ಧ ಬೆಲೆಗೆ 2 ಟಿಬಿ ಎನ್ನುವ ಮಾಲು ಬೇಡವೇ ಬೇಡ, ಹೆಸರುವಾಸಿ ಕಂಪನಿಯ 256 ಜಿಬಿ ಅದಕ್ಕಿಂತ ಮೇಲು. ಕೆಟ್ಟ ಡಿಸ್ಕ್‌ನಿಂದ ಕ್ಲೋನ್ (ಇದ್ದಂತೆಯೇ ಪೂರ್ತಿ ನಕಲು) ಮಾಡಬೇಡಿ, ವಿಂಡೋಸ್ ಹೊಸದಾಗಿ ಹಾಕಿ. ಪುಕ್ಕಟೆ ‘ಆ್ಯಕ್ಟಿವೇಟರ್’ ಇರುವ ಪೆನ್‌ಡ್ರೈವ್‌ನಿಂದಂತೂ ಬೇಡ. ವೈರಸ್ ಬರುವ ಹೆದ್ದಾರಿ ಅದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ 11 ನಡೆಯುವ ಯಂತ್ರಕ್ಕೆ 11ನ್ನೇ ಹಾಕಿಸಿ.

ಬಿಚ್ಚುವ ಮುಂಚೆ ಒಂದು ಮಾತು: ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ (ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ಸೌಲಭ್ಯ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯೋಸ್‌ನಲ್ಲಿ ಒಂದು ಬದಲಾವಣೆ ಆದರೂ ಅದನ್ನು ಕೇಳಬಹುದು. ಆಗ ಕೀ ಇಲ್ಲದಿದ್ದರೆ ಡೇಟಾ ಮರೆತುಬಿಡಬೇಕು.

ರ‍್ಯಾಮ್

ಅಡಾಪ್ಟರ್ ಕಿತ್ತು, ಹಿಂಬದಿ ಮುಚ್ಚಳ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಪವರ್ ಬಟನ್ 30 ಸೆಕೆಂಡ್ ಒತ್ತಿಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಖಾಲಿಯಾಗುತ್ತದೆ. ಎಷ್ಟೋ ‘ಸತ್ತ’ ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ಎರಡೂ ಬದಿಯ ಕ್ಲಿಪ್ ಅಗಲಿಸಿದರೆ ರ‍್ಯಾಮ್ ಓರೆಯಾಗಿ ಮೇಲೇಳುತ್ತದೆ. ಬಂಗಾರದ ಬಣ್ಣದ ಪಟ್ಟಿಯನ್ನು 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ನುಣುಪು ಬಟ್ಟೆಯಿಂದ ಒರೆಸಿ. ಸ್ಯಾನಿಟೈಸರ್ ಬೇಡ, ಅದರ ಗ್ಲಿಸರಿನ್ ಅಂಟು ಬಿಡುತ್ತದೆ. ರಬ್ಬರ್‌ನಿಂದ ಉಜ್ಜುವುದು ನಮ್ಮಲ್ಲಿ ರೂಢಿ. ಪುಡಿ ಸ್ಲಾಟಿಗೆ ಬೀಳುವುದರಿಂದ ಅದೂ ಬೇಡ. ಮತ್ತೆ ಸುಮಾರು 30 ಡಿಗ್ರಿ ಓರೆಯಲ್ಲಿ ಬಂಗಾರದ ಪಟ್ಟಿ ಹೆಚ್ಚುಕಡಿಮೆ ಕಾಣದಷ್ಟು ಒಳಕ್ಕೆ ತಳ್ಳಿ, ಕೆಳಗೆ ಒತ್ತಿ. ಎರಡೂ ಕಡೆ ‘ಟಕ್’ ಎನ್ನಬೇಕು. ಅರ್ಧ ಕೂತ ರ‍್ಯಾಮೇ ಒಮ್ಮೆ ಆನ್ ಆಗಿ ಒಮ್ಮೆ ಆಗದಿರುವುದಕ್ಕೆ ದೊಡ್ಡ ಕಾರಣ.

ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಹೊಸದು ಕೊಳ್ಳುವಾಗ ಡಿಡಿಆರ್3, ಡಿಡಿಆರ್4 ಬೇರೆ ಬೇರೆ ಎಂಬುದು ನೆನಪಿರಲಿ, ಪಟ್ಟಿಯ ನಡುವಿನ ಕಚ್ಚೇ ಹೊಂದುವುದಿಲ್ಲ.

ಬಿಸಿಲು, ಧೂಳು

ಬಹುತೇಕ ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಗೆಂದು ತಯಾರಿಸಿರುತ್ತಾರೆ. ರಾಯಚೂರಿನ ಏಪ್ರಿಲ್–ಮೇ ಬಿಸಿಲು 40 ದಾಟುತ್ತದೆ, ಸಿಮೆಂಟ್ ಶೀಟಿನ ಕೆಳಗೆ ಕೇಳುವುದೇ ಬೇಡ. ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಮೂರಕ್ಕೂ ಆನ್ ಮಾಡಿ ಹೋಲಿಸಿ. ಮಧ್ಯಾಹ್ನ ಮಾತ್ರ ತಕರಾರಾದರೆ ಬಿಸಿ. ಬೆಳಿಗ್ಗೆ ಮೊಂಡು ಹಿಡಿದು, ಬೆಚ್ಚಗಾದ ಮೇಲೆ ಸರಿಹೋದರೆ ಎಲ್ಲೋ ಸಡಿಲವಾದ ಕಾಂಟ್ಯಾಕ್ಟ್ ಅಥವಾ ಬೋರ್ಡ್‌ನ ದೋಷ.

ಸಂಡೂರಿನ ಅದಿರು ಧೂಳು, ಗಿಣಿಗೇರಿ ಕಡೆಯ ಸ್ಪಾಂಜ್ ಐರನ್ ಮಸಿ, ಗಂಗಾವತಿ, ಕಾರಟಗಿ ರೈಸ್‌ಮಿಲ್‌ಗಳ ಹೊಟ್ಟು, ಶಕ್ತಿನಗರದ ಹಾರುಬೂದಿ, ಬಳ್ಳಾರಿ ಜೀನ್ಸ್ ಘಟಕಗಳ ನೂಲೆಳೆ: ಇವು ಫ್ಯಾನಿಗೂ ತಾಮ್ರದ ಹೀಟ್‌ಸಿಂಕ್‌ನ ಹಲ್ಲುಗಳಿಗೂ ನಡುವೆ ಕಂಬಳಿಯ ತುಂಡಿನಂತೆ ಕೂರುತ್ತವೆ. ಹೊರಗಿನಿಂದ ಗಾಳಿ ಊದಿದರೆ ಆ ಪದರ ಇನ್ನಷ್ಟು ಒತ್ತಿಕೊಳ್ಳಬಹುದು. ಫ್ಯಾನ್ ಬಿಚ್ಚಿ, ಚಿಮಟದಲ್ಲಿ ಅದನ್ನು ಎತ್ತಿ ತೆಗೆಯಿರಿ. ಉಳಿದ ಧೂಳನ್ನು ಊದುವಾಗ ಫ್ಯಾನ್ ರೆಕ್ಕೆ ಕಡ್ಡಿಯಿಂದ ಹಿಡಿದಿರಿ. ಪಂಚರ್ ಅಂಗಡಿಯ ಕಂಪ್ರೆಸರ್‌ಗೆ ಒಯ್ಯುವವರಿದ್ದಾರೆ; ಅದರ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ. ಹೀಟ್‌ಸಿಂಕ್ ಎಬ್ಬಿಸಿದಿರೋ, ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಒಂದು ಅಕ್ಕಿಕಾಳಿನಷ್ಟು ಹೊಸದು ಹಾಕಲೇಬೇಕು.

ಕರೆಂಟು, ಗಡಿಯಾರ, ಉಳಿದದ್ದು

ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ, ಆದ್ದರಿಂದ ಲೋ ವೋಲ್ಟೇಜ್‌ಗೆಂದು ಸ್ಟೆಬಿಲೈಸರ್ ಮಾರುವವರ ಮಾತು ಕೇಳಬೇಡಿ. ನೋಡಬೇಕಾದ್ದು ವ್ಯಾಟ್: 65 ವ್ಯಾಟಿನದಕ್ಕೆ 45 ವ್ಯಾಟಿನ ಡೂಪ್ಲಿಕೇಟ್ ಹಾಕಿದರೆ ಕೆಲವು ಮಾಡೆಲ್‌ಗಳು ಪ್ರೊಸೆಸರ್ ವೇಗವನ್ನೇ ಇಳಿಸಿಬಿಡುತ್ತವೆ. ಟಚ್‌ಪ್ಯಾಡ್ ಉಬ್ಬಿದ್ದರೆ ಬ್ಯಾಟರಿ ಉಬ್ಬಿದೆ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಬದಲಿಸಿ.

ದಿನಾಂಕ ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ (ಹೆಚ್ಚಾಗಿ ಸಿಆರ್2032) ಖಾಲಿಯಾಗಿರಬಹುದು. ಬಯೋಸ್ ತನ್ನ ಸೆಟ್ಟಿಂಗ್ ಮರೆತು ಮೊದಲು ನೆಟ್‌ವರ್ಕ್‌ನಿಂದ ಬೂಟ್ ಆಗಲು ಕಾಯುವುದುಂಟು. ಪರದೆಯಲ್ಲಿ ‘ಪಿಎಕ್ಸ್‌ಇ’ ಎಂದು ಬರುತ್ತದೆ. ಸೆಲ್ ಬದಲಿಸಿ, ಬೂಟ್ ಆರ್ಡರ್‌ನಲ್ಲಿ ವಿಂಡೋಸ್ ಅನ್ನು ಮೇಲಕ್ಕೆ ತನ್ನಿ.

ಸ್ಟಾರ್ಟ್‌ಅಪ್ ಆ್ಯಪ್‌ಗಳಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಆ್ಯಂಟಿವೈರಸ್ ಒಂದೇ ಇರಲಿ. ‘ಪಿಸಿ ಕ್ಲೀನರ್’, ‘ಡ್ರೈವರ್ ಅಪ್‌ಡೇಟರ್’ ಎಂಬವನ್ನು ಪೂರ್ತಿ ಕಿತ್ತುಹಾಕಿ.

ರಿಪೇರಿಗೆ ಕೊಡುವುದಾದರೆ ಡಿಸ್ಕಿನ ಸೀರಿಯಲ್ ನಂಬರ್, ರ‍್ಯಾಮ್ ಎಷ್ಟು ಜಿಬಿ ಎಂಬುದನ್ನು ರಸೀದಿಯ ಮೇಲೆ ಬರೆಸಿ. ಬದಲಿಸಿದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಅದರೊಳಗೆ ನಿಮ್ಮ ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇನ್ನೂ ಇರುತ್ತವೆ.