ಅಜ್ಜಿಗೆ ಲೂಯಿ ದ ಫ್ಯುನೆಸ್ ಸಿನಿಮಾ ತೋರಿಸುವುದು ಹೇಗೆ

ಸಕಲೇಶಪುರದಲ್ಲಿ ಜುಲೈ ಮಳೆ ಹಿಡಿದರೆ ಸಂಜೆ ಐದಕ್ಕೇ ಕತ್ತಲು. ಹೊರಗೆ ಕಾಲಿಡೋ ಹಾಗಿಲ್ಲ. ಹೋದ ವರ್ಷ ಅಂಥದ್ದೊಂದು ಸಂಜೆ ಅಜ್ಜಿಗೆ ಫ್ರಾನ್ಸಿನ ಹಾಸ್ಯನಟ ಲೂಯಿ ದ ಫ್ಯುನೆಸ್‌ನ ಸಿನಿಮಾ ಹಾಕಿದೆ. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ಆದರೂ ಆ ತಿಂಗಳಲ್ಲಿ ನಾಲ್ಕು ಸಿನಿಮಾ ನೋಡಿ ಮುಗಿಸಿದರು. ನಿಮ್ಮ ಮನೆಯಲ್ಲೂ ತೋರಿಸೋ ಆಸೆ ಇದ್ದರೆ, ನಾನು ಮಾಡಿದ್ದು ಹೀಗೆ.

ಸಿನಿಮಾ ಮೊದಲೇ ಇಳಿಸಿಟ್ಟುಕೊಳ್ಳಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಡಿ. ಮಲೆನಾಡಿನ ಕರೆಂಟ್ ಗೊತ್ತಲ್ವಾ. ಮೂಲ ಫ್ರೆಂಚ್ ಧ್ವನಿಯೇ ಇರಲಿ, ಇಂಗ್ಲಿಷ್ ಡಬ್ಬಿಂಗ್ ಬೇಡವೇ ಬೇಡ. ಅವನು ಗೊಣಗೋದು, ಉಸಿರು ಬಿಡೋದು, ಕೀರಲೋದು ಎಲ್ಲವೂ ನಟನೆಯೇ. ಡಬ್ ಮಾಡಿದರೆ ಅರ್ಧ ಫ್ಯುನೆಸ್ ಹೋದ ಹಾಗೆ.

ಇಡೀ ಸಿನಿಮಾದಿಂದ ಶುರು ಮಾಡಬೇಡಿ. 1965ರ 'ಲ ಕೊರ್ನ್ಯೋ'ದಲ್ಲಿ ಸ್ನಾನದ ಒಂದು ದೃಶ್ಯ ಇದೆ, ಮೊದಲು ಅದನ್ನು ಹಾಕಿ. ಪಕ್ಕದಲ್ಲಿ ಬೆಟ್ಟದಂಥ ಮೈಕಟ್ಟಿನ ಪೈಲ್ವಾನ. ಸಣಕಲು ಫ್ಯುನೆಸ್ ಅವನನ್ನು ಓರೆಗಣ್ಣಲ್ಲಿ ನೋಡುತ್ತಾನೆ. ಆಮೇಲೆ ತನ್ನ ತೋಳು ನೋಡಿಕೊಂಡು, ಇಲ್ಲದ ಮಾಂಸಖಂಡ ಉಬ್ಬಿಸುತ್ತಾನೆ. ಮಾತೇ ಬೇಕಿಲ್ಲ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಇನ್ನೊಂದು ಸಲ ಹಾಕು ಅಂದರು.

ಈಗ ಆಸಾಮಿ ಯಾರು ಅಂತ ಹೇಳಬಹುದು. ಹುಟ್ಟಿದ್ದು 1914ರಲ್ಲಿ, ಪ್ಯಾರಿಸ್ ಪಕ್ಕದ ಕೂರ್ಬ್‌ವ್ವಾದಲ್ಲಿ. ಅಪ್ಪ ಅಮ್ಮ ಸ್ಪೇನಿನವರು. ಬಾರುಗಳಲ್ಲಿ ಪಿಯಾನೋ ನುಡಿಸಿ ಹೊಟ್ಟೆ ಹೊರೆದವನು. ಸಿನಿಮಾಕ್ಕೆ ಬಂದಮೇಲೂ ಎಷ್ಟೋ ವರ್ಷ ಚಿಕ್ಕ ಚಿಕ್ಕ ಪಾತ್ರ. 1964ರಲ್ಲಿ ಸ್ಯಾಂ-ತ್ರೊಪೇ ಊರಿನ ಪೊಲೀಸನ ಪಾತ್ರ ಮಾಡಿ ಮನೆಮಾತಾದಾಗ ಅವನಿಗೆ ಐವತ್ತು.

ನೋಡುವಾಗ ಒಂದು ವಿಷಯ ಗಮನಿಸಿ: ಅವನ ಎದುರಿಗೆ ಯಾರು ನಿಂತಿದ್ದಾರೆ? ಮೇಲಿನವರಾದರೆ ಬೆನ್ನು ಬಾಗುತ್ತದೆ, ನಗು ಕಿವಿ ಮುಟ್ಟುತ್ತದೆ. ಕೆಳಗಿನವರಾದರೆ ಕಣ್ಣು ಕೆಂಡ. ಅದು ಬದಲಾಗೋಕೆ ಒಂದು ಸೆಕೆಂಡ್ ಸಾಕು. 1966ರ 'ಲ ಗ್ರಾಂ ರೆಸ್ತೊರಾಂ'ನಲ್ಲಿ ಅವನು ಹೋಟೆಲ್ ಮಾಲೀಕ. ಗಿರಾಕಿಗಳ ಮುಂದೆ ಬೆಣ್ಣೆ, ಮಾಣಿಗಳ ಮೇಲೆ ಬೆಂಕಿ. ಅಜ್ಜಿ ಥಟ್ಟನೆ ಅಂದರು, "ಇವನು ನಮ್ಮ ಹಳೇ ತೋಟದ ರೈಟರ್ ಅಲ್ವೇನೋ!" ರೈಟರ್ ಅಂದರೆ ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವವನು. ಸಾಹುಕಾರರ ಜೀಪು ಬಂದರೆ ಒಂದು ಮುಖ, ಆಳುಗಳ ಎದುರಿಗೆ ಇನ್ನೊಂದು. ಅಲ್ಲಿಂದಾಚೆ ನಾನು ಏನೂ ವಿವರಿಸಬೇಕಾಗಲಿಲ್ಲ. ಅದೇ ಸಿನಿಮಾದಲ್ಲಿ ಜರ್ಮನ್ ಅತಿಥಿಗೆ ಆಲೂಗಡ್ಡೆ ಅಡುಗೆ ಹೇಳಿಕೊಡುವಾಗ, ನೆರಳು ಮುಖದ ಮೇಲೆ ಬಿದ್ದು ಹಿಟ್ಲರನ ಮೀಸೆಯೂ ಕೂದಲೂ ಮೂಡುತ್ತವೆ. ಇಲ್ಲಿ ಮಾತ್ರ ನಿಲ್ಲಿಸಿ, ಹಿಟ್ಲರ್ ಯಾರು ಅಂತ ಹೇಳಿ ಮುಂದೆ ಹೋಗಿ. ದೃಶ್ಯ ಓಡುವಾಗ ಅನುವಾದ ಮಾಡುತ್ತಾ ಕೂರಬೇಡಿ, ನಗು ಕೆಡುತ್ತದೆ. ಕತೆಯನ್ನು ಮೊದಲೇ ಎರಡು ಮಾತಲ್ಲಿ ಹೇಳಿಬಿಡಿ.

ಆಮೇಲೆ ಪೂರ್ತಿ ಕೂತು ನೋಡೋಕೆ 'ಲಾ ಗ್ರಾಂದ್ ವಾದ್ರುಯ್', ಅದೂ 1966. ಯುದ್ಧಕಾಲದ ಕತೆ. ಜೊತೆನಟ ಬೂರ್ವಿಲ್ ಬಣ್ಣ ಬಳಿಯುವವನು, ಫ್ಯುನೆಸ್ ವಾದ್ಯವೃಂದದ ನಿರ್ದೇಶಕ. ಕಾಲು ನೋವು ಅಂತ ಹೇಳಿ ಆ ಪಾಪದವನ ಬೂಟು ಇಸ್ಕೊಳ್ಳುವ ದೃಶ್ಯ ತಪ್ಪಿಸಬೇಡಿ. ಫ್ರಾನ್ಸಿನಲ್ಲೇ 1.7 ಕೋಟಿಗೂ ಜಾಸ್ತಿ ಟಿಕೆಟ್ ಹೋಯಿತು. 'ಟೈಟಾನಿಕ್' ಬರುವವರೆಗೆ ಆ ದಾಖಲೆ ಮುರಿಯಲಿಲ್ಲ. ಸ್ಯಾಂ-ತ್ರೊಪೇ ಪೊಲೀಸ್ ಸರಣಿಯ ಆರು ಸಿನಿಮಾದಲ್ಲಿ ಮೊದಲನೆಯದು ಸಾಕು ಅನ್ನೋದು ನನ್ನ ಅಭಿಪ್ರಾಯ.

1975ರಲ್ಲಿ ಹೃದಯಾಘಾತವಾಯಿತು. ಅದಾದ ಮೇಲಿನ ಸಿನಿಮಾಗಳನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲಿನ ಓಟ, ಜಿಗಿತ ಕಡಿಮೆ. ಮುಖವೇ ಜಾಸ್ತಿ ಕೆಲಸ ಮಾಡುತ್ತದೆ. ಅಜ್ಜಿಗೆ ಅದೇ ಹೆಚ್ಚು ಹಿಡಿಸಿತು. 1983ರ ಜನವರಿಯಲ್ಲಿ ತೀರಿಕೊಂಡ ಅಂದಾಗ ಸುಮ್ನೆ ಕೂತರು. ಆಮೇಲೆ, "ಮನೇಲಿ ಏನು ಮಾಡ್ತಿದ್ದ?" ಅಂತ ಕೇಳಿದರು. ತೋಟ ಮಾಡುತ್ತಿದ್ದ, ಗುಲಾಬಿ ಅಂದರೆ ಪ್ರಾಣ, ಕಿತ್ತಳೆ ಬಣ್ಣದ ಒಂದು ಗುಲಾಬಿಗೆ ಅವನದೇ ಹೆಸರಿದೆ ಅಂದೆ. ಫೋಟೋ ತೋರಿಸಿದೆ. ಅಜ್ಜಿ ಕನ್ನಡಕ ಒರೆಸಿ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಇದರ ಕಡ್ಡಿ ಸಿಗುತ್ತಾ ಕೇಳೋ" ಅಂದರು.