ಉಪವಾಸದ ಹಿಂದಿನ ದಿನವೇ ನಮಗೆ ನಿಜವಾದ ಕೆಲಸ

ಮಂಗಳೂರು, ಉಡುಪಿ ಕಡೆಯಿಂದ ಇಸ್ರೇಲಿಗೆ ಕೇರ್‌ಗಿವರ್ ಕೆಲಸಕ್ಕೆ ಬಂದವರು ತುಂಬಾ ಜನ ಇದ್ದೇವೆ. ಸೆಪ್ಟೆಂಬರ್ ಹತ್ತಿರವಾದರೆ ಸಾಕು, ಹೊಸಬರು ಕೇಳುತ್ತಾರೆ: ಯೋಮ್ ಕಿಪ್ಪೂರ್ ದಿನ, ಅಂದರೆ ಯಹೂದಿಗಳು ಪಾಪ ಕಳೆಯಲು ಉಪವಾಸ ಮಾಡುವ ದಿನ, ನಾವೇನು ಮಾಡಬೇಕು? ಆ ದಿನ ಮಾಡುವುದಕ್ಕೆ ಜಾಸ್ತಿ ಏನೂ ಇರುವುದಿಲ್ಲ. ಎಲ್ಲ ಹಿಂದಿನ ದಿನವೇ ಮುಗಿದಿರಬೇಕು. ನಾನು ನೋಡಿಕೊಳ್ಳುವ ಅಜ್ಜಿ ಜೆರುಸಲೇಮಿನವರು. ಎಂಬತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ. ಆಚಾರದಲ್ಲಿ ಮಾತ್ರ ಒಂದಿಷ್ಟೂ ಬಿಟ್ಟುಕೊಡುವವರಲ್ಲ.

ಉಪವಾಸ ಸುಮಾರು 25 ಗಂಟೆ. ಯಹೂದಿ ಪಂಚಾಂಗದ ತಿಶ್ರೇ ತಿಂಗಳ 9ರಂದು ಸೂರ್ಯ ಮುಳುಗುವ ಮೊದಲೇ ಶುರು, 10ರ ರಾತ್ರಿ ನಕ್ಷತ್ರ ಕಾಣುವವರೆಗೆ. ಊಟ, ನೀರು, ಸ್ನಾನ, ಎಣ್ಣೆ ಕ್ರೀಮು, ಚರ್ಮದ ಚಪ್ಪಲಿ, ಗಂಡ ಹೆಂಡತಿ ಕೂಡುವುದು, ಯಾವುದೂ ಇಲ್ಲ. ಶಬ್ಬಾತ್, ಅಂದರೆ ಅವರ ಶನಿವಾರದ ವಿಶ್ರಾಂತಿ ದಿನದ ಹಾಗೆ ಸ್ವಿಚ್ಚೂ ಮುಟ್ಟುವಂತಿಲ್ಲ. ಬಸ್ಸಿಲ್ಲ, ಅಂಗಡಿಯಿಲ್ಲ, ಬೆನ್ ಗುರಿಯನ್ ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ. ಹಾಗಾಗಿ ಮಾತ್ರೆ, ಡಯಪರ್, ಶುಗರ್ ನೋಡುವ ಸ್ಟ್ರಿಪ್ ಎಲ್ಲ ಮೊದಲೇ ತಂದಿಡುತ್ತೇನೆ. ಕೆಲವು ದಿನ ಮುಂಚಿನಿಂದಲೇ ಅಜ್ಜಿಯ ಕಾಫಿ ಕಡಿಮೆ ಮಾಡುತ್ತಾ ಬರುತ್ತೇನೆ. ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಗ್ಯಾರಂಟಿ.

9ರ ಬೆಳಿಗ್ಗೆ ಕಪ್ಪರೋತ್, ಅಂದರೆ ಪಾಪ ಕಳೆಯುವ ಒಂದು ಆಚರಣೆ. ಕೆಲವು ಕಡೆ ಕೋಳಿಯನ್ನೇ ತಲೆಯ ಸುತ್ತ ಆಡಿಸುತ್ತಾರೆ. ನಮ್ಮ ಅಜ್ಜಿ ಕರವಸ್ತ್ರದಲ್ಲಿ ದುಡ್ಡು ಕಟ್ಟಿ ಮೂರು ಸಲ ಸುತ್ತಿಸಿ, ಅದನ್ನು ಬಡವರಿಗೆ ಕೊಡುತ್ತಾರೆ. ನಮ್ಮಲ್ಲಿ ದೃಷ್ಟಿ ತೆಗೆಯುತ್ತಾರಲ್ಲ, ನೋಡುವುದಕ್ಕೆ ಥೇಟ್ ಹಾಗೇ. ಆಮೇಲೆ ಪಕ್ಕದ ಮನೆಯವರು ಜೇನಿನ ಕೇಕ್ ತರುತ್ತಾರೆ. ಅಜ್ಜಿ ಅದನ್ನು ಕೈಯೊಡ್ಡಿ ಕೇಳಿಯೇ ತೆಗೆದುಕೊಳ್ಳಬೇಕು. ಈ ವರ್ಷ ಬೇಡಿ ತಿನ್ನುವುದು ಹಣೆಯಲ್ಲಿ ಬರೆದಿದ್ದರೆ ಅದು ಈ ಕೇಕಿನಲ್ಲೇ ತೀರಿಹೋಗಲಿ ಅಂತ. ಲೆಕ್ಕಾಚಾರ ಚೆನ್ನಾಗಿದೆ ಅಲ್ವಾ?

ಮಧ್ಯಾಹ್ನದವರೆಗೆ ಫೋನು. ದೇವರ ವಿಷಯದ ತಪ್ಪನ್ನು ಯೋಮ್ ಕಿಪ್ಪೂರ್ ತೊಳೆಯುತ್ತದೆ, ಮನುಷ್ಯರಿಗೆ ಮಾಡಿದ ತಪ್ಪಿಗೆ ಆ ಮನುಷ್ಯರನ್ನೇ ಕೇಳಿಕೊಳ್ಳಬೇಕು ಎನ್ನುವುದು ಅವರ ನಿಯಮ. ತಂಗಿ, ಸೊಸೆ, ಹಳೆಯ ನೆರೆಯವರು, ಎಲ್ಲರಿಗೂ ನಾನು ನಂಬರ್ ಒತ್ತಿ ಕೊಡುತ್ತೇನೆ. ಕೊನೆಗೆ ನನ್ನ ಕಡೆ ತಿರುಗಿ, ವರ್ಷವಿಡೀ ನಿನ್ನ ಮೇಲೆ ರೇಗಿದ್ದೇನೆ, ಕ್ಷಮಿಸು ಅನ್ನುತ್ತಾರೆ. ಸಂಬಳ ಕೊಡುವವರು ಹೀಗೆ ಕೇಳಿದರೆ ಮೊದಮೊದಲು ಮುಜುಗರ. ಸುಮ್ನೆ ತಲೆ ಅಲ್ಲಾಡಿಸಿದರೆ ಅವರಿಗೆ ಸಾಲದು. ಕ್ಷಮಿಸಿದ್ದೇನೆ ಅಂತ ಬಾಯಿಬಿಟ್ಟು ಹೇಳಬೇಕು.

9ರಂದು ಹೊಟ್ಟೆ ತುಂಬಾ ತಿನ್ನುವುದೂ ಪುಣ್ಯವೇ. ಕೊನೆಯ ಊಟಕ್ಕೆ ಕೋಳಿ ಸೂಪು, ಬೇಯಿಸಿದ ಕೋಳಿ, ಆಲೂಗಡ್ಡೆ, ಗುಂಡನೆಯ ಹಲ್ಲಾ ಬ್ರೆಡ್ಡು. ಉಪ್ಪು ಚೂರೇ ಚೂರು, ಖಾರ ಇಲ್ಲವೇ ಇಲ್ಲ. ನಮ್ಮ ನಾಲಿಗೆಗೆ ಸಪ್ಪೆ, ಆದರೆ ಬಾಯಾರಿಕೆ ತಡೆಯುತ್ತದೆ.

ಅಡುಗೆ ಇಳಿಸಿದ ಮೇಲೆ ಮನೆಯ ಕೆಲಸ. ದೀಪಗಳಿಗೆ ಟೈಮರ್, ಫ್ರಿಜ್ಜಿನ ಒಳಗಿನ ಬಲ್ಬಿಗೆ ರಜೆ, ಟಾಯ್ಲೆಟ್ ಪೇಪರ್ ಹರಿದು ಪೇರಿಸಿಡುವುದು. ಈ ನಿಯಮ ನನಗಿಲ್ಲ, ಆದರೂ ತಮಗಾಗಿ ಸ್ವಿಚ್ ಹಾಕು ಅಂತ ಅವರು ನನಗೆ ಹೇಳುವಂತಿಲ್ಲ. ಬಿಳಿ ಬಟ್ಟೆ, ಬಟ್ಟೆಯ ಚಪ್ಪಲಿ ಹಾಸಿಗೆ ಪಕ್ಕ. ತೀರಿಹೋದ ಗಂಡನ ಹೆಸರಿನ ಮೇಣದ ದೀಪ ಒಂದು ದಿನಕ್ಕೂ ಮೀರಿ ಉರಿಯುತ್ತದೆ. ಅದಕ್ಕೆ ಸ್ಟೀಲ್ ತಟ್ಟೆ, ಪರದೆಯಿಂದ ದೂರದ ಜಾಗ.

ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯುವುದು ಒಂದು ಪುಟ್ಟ ಲೋಟ. ಪೂರ್ತಿ ಉಪವಾಸ ಬೇಡ ಅಂತ ಅಜ್ಜಿಗೆ ಡಾಕ್ಟರು ಹೇಳಿದ್ದಾರೆ. ಅಂಥವರಿಗೆ ಅಳತೆಯಲ್ಲಿ ತಿನ್ನುವ ದಾರಿ ಇದೆ. ಒಂದು ಸಲಕ್ಕೆ 30 ಮಿಲಿಲೀಟರ್ ಒಳಗಿನಷ್ಟು ತಿಂಡಿ, ಒಂದು ಕೆನ್ನೆ ಉಬ್ಬುವಷ್ಟಕ್ಕಿಂತ ಕಡಿಮೆ ನೀರು. ನಡುವೆ 9 ನಿಮಿಷ ಬಿಡುವು. ಕೆನ್ನೆ ಒಬ್ಬೊಬ್ಬರದು ಒಂದೊಂದು ಥರ, ಹಾಗಾಗಿ ಮೊದಲೇ ಅಳೆಯಬೇಕು. ಅಜ್ಜಿ ಬಾಯಿಗೆ ನೀರು ಹಾಕಿ, ಒಂದು ಕೆನ್ನೆಗೆ ತಳ್ಳಿ, ಲೋಟಕ್ಕೆ ಉಗುಳುತ್ತಾರೆ. ಆ ಗೆರೆಯ ಸ್ವಲ್ಪ ಕೆಳಗೆ ನಾನು ಟೇಪ್ ಅಂಟಿಸುತ್ತೇನೆ. ಕೇಕು, ಬೇಯಿಸಿದ ಆಲೂಗಡ್ಡೆಯನ್ನೂ ಅಳೆದು ಚಿಕ್ಕ ಡಬ್ಬಿಗಳಲ್ಲಿ ತುಂಬಿಸಿಡುತ್ತೇನೆ. ಮರುದಿನ ನನ್ನ ಕಣ್ಣು ಗೋಡೆ ಗಡಿಯಾರದ ಮೇಲೆ. ಶುಗರ್ ಇಳಿದರೆ ಅಳತೆ ಗಿಳತೆ ಎಲ್ಲ ಬದಿಗೆ, ಬೇಕಾದಷ್ಟು ಕೊಡುವುದು. ಹೆಚ್ಚುಕಮ್ಮಿಯಾದರೆ 101ಕ್ಕೆ ಫೋನು, ಆಂಬುಲೆನ್ಸ್ ಆ ದಿನವೂ ಬರುತ್ತದೆ.

ಅಜ್ಜಿಗೆ ಇದು ಒಪ್ಪಿಗೆಯಾಗುವುದೇ ಕಷ್ಟ. ನಾನು ಹೇಳಿದರೆ ಕೇಳುವುದಿಲ್ಲ, ಮಗ ಹೇಳಿದರೂ ಇಲ್ಲ. ನಿಮಗೆ ತಿನ್ನುವುದೇ ಧರ್ಮ ಅಂತ ರಬ್ಬಿಯೇ, ಅಂದರೆ ಅವರ ಧರ್ಮಗುರುವೇ ಹೇಳಬೇಕು. ಇನ್ಸುಲಿನ್ ಎಷ್ಟು ಅಂತ ಡಾಕ್ಟರನ್ನು ಕೇಳಿಕೊಂಡು, ಆಮೇಲೆ ರಬ್ಬಿಗೆ ಫೋನ್ ಮಾಡಿಸಿ ಅಂತ ಮನೆಯವರಿಗೆ ಒಂದು ವಾರ ಮೊದಲೇ ನೆನಪಿಸಿ. ಸೂರ್ಯ ಮುಳುಗಿದ ಮೇಲೆ ರಬ್ಬಿ ಫೋನ್ ಎತ್ತುವುದಿಲ್ಲ.